ಅವ್ವನ ಕೌದಿಗೆ ಒಂದು ಆನ್‌ಲೈನ್ ಅಂಗಡಿ ಬೇಕು, ಎಲ್ಲಿಂದ ಶುರು ಮಾಡಲಿ?

ಸೂಜಿದಾರ

ಎಲ್ಲರಿಗೂ ನಮಸ್ಕಾರ. ನಮ್ಮದು ಧಾರವಾಡದ ಹತ್ತಿರ ಒಂದು ಹಳ್ಳಿ. ನಮ್ಮ ಅವ್ವ, ದೊಡ್ಡವ್ವ, ಓಣಿಯ ಇನ್ನೂ ಮೂರು ಮಂದಿ ಸೇರಿ ಕೌದಿ, ಅಂದರೆ ಹಳೆ ಸೀರೆಯ ತುಂಡು ಜೋಡಿಸಿದ ಹೊದಿಕೆ, ಹೊಲಿಯುತ್ತಾರೆ. ಮೊದಲು ಮನೆಗೆ, ಬೀಗರಿಗೆ, ಹುಟ್ಟಿದ ಕೂಸಿಗೆ ಅಂತ ಹೊಲಿಯುತ್ತಿದ್ದರು. ಎರಡು ವರ್ಷದ ಹಿಂದೆ ನಾನು ಸುಮ್ನೆ ಒಂದರ ಫೋಟೋ ವಾಟ್ಸಾಪ್ ಸ್ಟೇಟಸ್‌ಗೆ ಹಾಕಿದ್ದೆ. ಬೆಂಗಳೂರಿನ ಗೆಳತಿ ಒಬ್ಬಳು "ನನಗೆ ಬೇಕು" ಅಂದಳು. ಆಮೇಲೆ ಅವಳ ಆಫೀಸಿನವರು ಕೇಳಿದರು. ಈಗ ತಿಂಗಳಿಗೆ ಎಂಟು ಹತ್ತು ಕೌದಿ ಹೋಗುತ್ತವೆ.

ತೊಂದರೆ ಏನೆಂದರೆ ಎಲ್ಲವೂ ನನ್ನ ಒಂದು ಫೋನಿನ ಮೇಲೆ ನಿಂತಿದೆ. ಹೋದ ತಿಂಗಳು ಒಂದೇ ಕೌದಿಯನ್ನು ಇಬ್ಬರಿಗೆ ಮಾರಿಬಿಟ್ಟೆ. ನಾನು ಬಸ್ಸಿನಲ್ಲಿದ್ದಾಗ ಒಬ್ಬರು ದುಡ್ಡು ಹಾಕಿದ್ದಾರೆ. ಅದನ್ನು ನೋಡದೆ ಇನ್ನೊಬ್ಬರಿಗೆ "ಇದೆ, ದುಡ್ಡು ಹಾಕಿ" ಅಂದಿದ್ದೇನೆ. ಮನೆಗೆ ಬಂದು ಅವ್ವನಿಗೆ "ಅಂಥದ್ದೇ ಇನ್ನೊಂದು ಹೊಲಿ" ಅಂದೆ. "ಅಂಥದ್ದೇ ಅಂದ್ರ? ಆ ಸೀರಿ ಎಲ್ಲಿಂದ ತರ್ಲಿ?" ಅಂದಳು. ಒಬ್ಬರಿಗೆ ದುಡ್ಡು ವಾಪಸ್ ಮಾಡಿ, ಚೆನ್ನಾಗಿ ಬೈಸಿಕೊಂಡೆ.

ನಾನು ಖಾಸಗಿ ಶಾಲೆಯಲ್ಲಿ ಟೀಚರ್. ಕಂಪ್ಯೂಟರ್ ಅಷ್ಟಕ್ಕಷ್ಟೆ. ಖರ್ಚಿಗೆ ಹತ್ತು ಸಾವಿರ ಎತ್ತಿಟ್ಟಿದ್ದೇನೆ. ವೆಬ್‌ಸೈಟ್ ಮಾಡಿಸಲಾ? ಜಿಎಸ್‌ಟಿ ಬೇಕಾ? ಒಬ್ಬರು 25,000 ಕೇಳಿದರು, ಇನ್ನೊಬ್ಬರು "ಫ್ರೀ ಮಾಡಿಕೊಡ್ತೀನಿ, ಮಾರಿದ್ದರಲ್ಲಿ ಕಮಿಷನ್ ಕೊಡಿ" ಅಂದರು. ಯಾರ ಮಾತು ನಂಬುವುದು ಗೊತ್ತಾಗುತ್ತಿಲ್ಲ.

ಕೋಡ್ ಕುಟ್ಟುವವ

25,000 ಕೊಡಬೇಡಿ. ವೆಬ್‌ಸೈಟ್ ಕಟ್ಟುವ ವರ್ಡ್‌ಪ್ರೆಸ್ ಹಾಕಿ, ಅದರ ಮೇಲೆ ಮಾರಾಟದ ಸೌಲಭ್ಯ ಸೇರಿಸುವ ವೂಕಾಮರ್ಸ್ ಪ್ಲಗಿನ್ ಹಾಕಿದರೆ ಅಂಗಡಿ ಆಯಿತು. ಎರಡೂ ಉಚಿತ. ಖರ್ಚು ಬರುವುದು ಡೊಮೇನ್ ಹೆಸರಿಗೆ (ಸೈಟಿನ ವಿಳಾಸ) ಮತ್ತು ಹೋಸ್ಟಿಂಗ್‌ಗೆ (ಸೈಟ್ ಇಡುವ ಜಾಗದ ಬಾಡಿಗೆ). ನಿಮ್ಮ ಹತ್ತು ಸಾವಿರದೊಳಗೆ ಆರಾಮಾಗಿ ಮುಗಿಯುತ್ತದೆ. ಒಂದು ಎಚ್ಚರ: ಹೋಸ್ಟಿಂಗ್ ಕಂಪನಿಗಳು ಮೊದಲ ವರ್ಷ ಚೀಪಾಗಿ ಕೊಟ್ಟು ಎರಡನೇ ವರ್ಷ ರೇಟು ಏರಿಸುತ್ತವೆ. ರಿನ್ಯೂವಲ್ ಎಷ್ಟು ಅಂತ ನೋಡಿಯೇ ದುಡ್ಡು ಕಟ್ಟಿ.

ಇಬ್ಬರಿಗೆ ಮಾರಿದ ಕಥೆಗೆ ಅದರಲ್ಲೇ ಮದ್ದಿದೆ. ಪ್ರತಿ ಕೌದಿಯ ಸ್ಟಾಕ್ 1 ಅಂತ ಹಾಕಿ. ಯಾರಾದರೂ ಆರ್ಡರ್ ಕೊಟ್ಟು ದುಡ್ಡು ಕಟ್ಟದೆ ನಿಂತರೆ ಅದು ಆ ವಸ್ತುವನ್ನು ಸ್ವಲ್ಪ ಹೊತ್ತು ಹಿಡಿದಿಟ್ಟುಕೊಳ್ಳುತ್ತದೆ. ನಾವು ಬದಲಾಯಿಸದಿದ್ದರೆ 60 ನಿಮಿಷ. ಅಷ್ಟರಲ್ಲಿ ದುಡ್ಡು ಬರದಿದ್ದರೆ ಮತ್ತೆ ಅಂಗಡಿಗೆ ಬರುತ್ತದೆ. ನೀವು ಬಸ್ಸಿನಲ್ಲಿದ್ದರೂ ಪರವಾಗಿಲ್ಲ.

ಗುಳೇದಗುಡ್ಡದ ಖಣ

ಕೋಡ್ ಅಣ್ಣ ಹೇಳಿದ್ದು ತಪ್ಪಲ್ಲ. ಆದರೆ ನಾನು ಅದನ್ನೇ ಮಾಡಿ ಕೈಸುಟ್ಟುಕೊಂಡವನು. ನಮ್ಮದು ಖಣದ ವ್ಯಾಪಾರ, ಕುಪ್ಪಸದ ಬಟ್ಟೆ. ಎಂಬತ್ತು ಫೋಟೋ ಹಾಕಿ, ಕಾರ್ಟು, ಕೂಪನ್ನು, ಎಲ್ಲ ಮಾಡಿಸಿ ಮೂರು ತಿಂಗಳು ಕಾದೆ. ಬಂದದ್ದು ನಾಲ್ಕು ಆರ್ಡರ್. ಅದರಲ್ಲಿ ಎರಡು ನಮ್ಮ ಅಳಿಯ ಪರೀಕ್ಷೆ ಮಾಡಲಿಕ್ಕೆ ಹಾಕಿದ್ದು.

ಜನ ವೆಬ್‌ಸೈಟ್ ನೋಡುತ್ತಿದ್ದರು. ಆದರೆ ಅಲ್ಲಿ ಕೊಳ್ಳುತ್ತಿರಲಿಲ್ಲ. ಅಲ್ಲಿನ ಸ್ಕ್ರೀನ್‌ಶಾಟ್ ತೆಗೆದು ವಾಟ್ಸಾಪ್‌ಗೆ ಕಳಿಸಿ "ಅಣ್ಣಾ ಇದು ಇದೆಯಾ, ಇನ್ನೊಂದು ಫೋಟೋ ಹಾಕಿ, ಅಂಚು ತೋರಿಸಿ" ಅಂತ ಕೇಳುತ್ತಿದ್ದರು. ಬಟ್ಟೆ ಕೊಳ್ಳುವವರು ಮಾತಾಡದೆ ಕೊಳ್ಳುವುದಿಲ್ಲ, ಇದು ನನ್ನ ಅನುಭವ. ಕೊನೆಗೆ ಅದನ್ನೆಲ್ಲ ಬಿಟ್ಟು ವಾಟ್ಸಾಪ್ ಬಿಸಿನೆಸ್‌ಗೆ ಬಂದೆ. ಅದರಲ್ಲಿ ಕ್ಯಾಟಲಾಗ್ ಇದೆ, 500 ವಸ್ತು ಹಾಕಬಹುದು, ದುಡ್ಡು ಕೊಡಬೇಕಿಲ್ಲ. ಮಾರಿದ್ದನ್ನು ಮರೆಮಾಡಬಹುದು. ಪ್ರತಿ ಗಿರಾಕಿಗೆ "ದುಡ್ಡು ಬಂದಿದೆ", "ಕಳಿಸಬೇಕು", "ಕಳಿಸಿದೆ" ಅಂತ ಬಣ್ಣದ ಚೀಟಿ ಅಂಟಿಸಬಹುದು. ತಿಂಗಳಿಗೆ ಹತ್ತು ಕೌದಿಗೆ ಇಷ್ಟು ಸಾಕು ಅಕ್ಕಾ. ಆ ಹತ್ತು ಸಾವಿರದಲ್ಲಿ ದಾರ ತನ್ನಿ.

ಹಪ್ಪಳ ಮಳೆಗಾಲ

ಖಣದಣ್ಣ, ಅರ್ಧ ಒಪ್ಪುತ್ತೇನೆ. ನಾವು ಪುತ್ತೂರು ಕಡೆ ಹಲಸಿನ ಹಪ್ಪಳ ಮಾಡುವವರು. ನಮ್ಮ ವ್ಯಾಪಾರ ಪೂರ್ತಿ ಒಂದು ಸೋಷಿಯಲ್ ಮೀಡಿಯಾ ಖಾತೆಯ ಮೇಲಿತ್ತು. ಒಂದು ದಿನ ಬೆಳಿಗ್ಗೆ ಖಾತೆ ಲಾಕ್. ಯಾಕೆ ಅಂತ ಹೇಳುವವರಿಲ್ಲ, ಕೇಳಲು ನಂಬರ್ ಇಲ್ಲ. 19 ದಿನ! ಅದೂ ಹಪ್ಪಳಕ್ಕೆ ಕೇಳಿಕೊಂಡು ಬರುವ, ಮಳೆ ಜೋರಿರುವ ಆಟಿ ತಿಂಗಳಲ್ಲಿ. ಖಾತೆ ವಾಪಸ್ ಬಂತು, ಮಳೆ ನಿಂತಿತ್ತು.

ಆಮೇಲೆ ಕಲಿತದ್ದು ಎರಡು. ಗಿರಾಕಿಗಳ ಹೆಸರು, ನಂಬರ್, ವಿಳಾಸ ಒಂದು ನೋಟ್‌ಬುಕ್ಕಿನಲ್ಲೂ ಬರೆದಿಡುತ್ತೇನೆ. ಮತ್ತೆ ಸ್ವಂತ ಡೊಮೇನ್ ಒಂದು ತೆಗೆದುಕೊಂಡೆ. ಅದರಲ್ಲಿ ಅಂಗಡಿ ಇಲ್ಲ. ಒಂದೇ ಪುಟ: ನಾವು ಯಾರು, ಏನು ಸಿಗುತ್ತದೆ, ವಾಟ್ಸಾಪ್ ಮಾಡಲು ಒಂದು ಬಟನ್. ನಾಳೆ ಎಲ್ಲಿಗೆ ಹೋದರೂ ಆ ಹೆಸರು ನಮ್ಮ ಜೊತೆ ಬರುತ್ತದೆ. ಪ್ಯಾಕೆಟ್ ಮೇಲೂ ಅದನ್ನೇ ಪ್ರಿಂಟ್ ಮಾಡಿಸಿದ್ದೇವೆ.

ಕೋಡ್ ಕುಟ್ಟುವವ

ಹಪ್ಪಳಕ್ಕನ ದಾರಿ ಚೆನ್ನಾಗಿದೆ. ಈಗ ಒಂದು ಪುಟ ಮಾಡಿ, ವ್ಯಾಪಾರ ಬೆಳೆದರೆ ಅದೇ ಡೊಮೇನ್‌ಗೆ ಅಂಗಡಿ ಸೇರಿಸಬಹುದು. ನನ್ನ ಒಂದು ಹಟ: ಡೊಮೇನ್ ಅನ್ನು ನಿಮ್ಮ ಹೆಸರಲ್ಲಿ, ನಿಮ್ಮ ಇಮೇಲ್‌ನಲ್ಲಿ, ನೀವೇ ದುಡ್ಡು ಕೊಟ್ಟು ತೆಗೆದುಕೊಳ್ಳಿ. "ಫ್ರೀ ಮಾಡಿಕೊಡ್ತೀನಿ" ಅಂದವರು ಅದನ್ನು ಅವರ ಹೆಸರಲ್ಲಿ ತೆಗೆದುಕೊಂಡರೆ ನಾಳೆ ಜಗಳ ಆದಾಗ ಅಂಗಡಿಯ ಬೋರ್ಡು ಅವರ ಕೈಯಲ್ಲಿರುತ್ತದೆ.

ಕನ್ನಡ ಅಕ್ಷರದಲ್ಲೇ ಡಾಟ್ ಭಾರತ ಅಂತಲೂ ಡೊಮೇನ್ ಸಿಗುತ್ತದೆ. ನನಗಂತೂ ಇಷ್ಟ. ಆದರೆ ಫೋನಿನಲ್ಲಿ ಕನ್ನಡ ಟೈಪ್ ಮಾಡುವವರು ಇನ್ನೂ ಕಡಿಮೆ. ಇಂಗ್ಲಿಷ್ ಅಕ್ಷರದ್ದನ್ನೇ ಮೊದಲು ತೆಗೆದುಕೊಳ್ಳಿ.

ಸೂಜಿದಾರ

ಎಲ್ಲರಿಗೂ ಥ್ಯಾಂಕ್ಸ್. ದುಡ್ಡಿನ ವಿಷಯ ಕೇಳುವುದು ಮರೆತೆ. ಈಗ ನನ್ನ ಸ್ವಂತ ಖಾತೆಯ ಯುಪಿಐಗೆ ಹಾಕಿಸಿಕೊಳ್ಳುತ್ತಿದ್ದೇನೆ. ಸಂಬಳವೂ ಅಲ್ಲೇ ಬರುತ್ತದೆ. ತಿಂಗಳ ಕೊನೆಗೆ ಯಾವುದು ಕೌದಿಯದು, ಯಾವುದು ನನ್ನದು ಅಂತ ಗೊತ್ತೇ ಆಗುವುದಿಲ್ಲ. ಪೇಮೆಂಟ್ ಗೇಟ್‌ವೇ ಹಾಕಬೇಕಾ?

ಲೆಕ್ಕದ ಪುಸ್ತಕ

ಇವತ್ತೇ ಒಂದು ಬೇರೆ ಖಾತೆ ತೆರೆಯಿರಿ ಮೇಡಂ. ಮಿಕ್ಕಿದ್ದೆಲ್ಲ ಆಮೇಲೆ. ಆಧಾರ್, ಪ್ಯಾನ್ ಇದ್ದರೆ ಉದ್ಯಮ್ ನೋಂದಣಿ (ಸಣ್ಣ ಉದ್ಯಮಗಳಿಗೆ ಕೇಂದ್ರ ಸರ್ಕಾರದ್ದು) ಮನೆಯಲ್ಲೇ ಕುಳಿತು ಮಾಡಿಕೊಳ್ಳಬಹುದು, ಶುಲ್ಕ ಇಲ್ಲ. ಅದಕ್ಕೆ ಸಾವಿರ ಎರಡು ಸಾವಿರ ಕೇಳುವ ಸರ್ಕಾರಿ ಸೈಟಿನಂತೆಯೇ ಕಾಣುವ ಖಾಸಗಿ ಸೈಟುಗಳಿವೆ, ಬಲೆಗೆ ಬೀಳಬೇಡಿ. ಆ ಪತ್ರ ತೋರಿಸಿದರೆ ಬ್ಯಾಂಕಿನಲ್ಲಿ ವ್ಯಾಪಾರದ ಹೆಸರಲ್ಲಿ ಕರೆಂಟ್ ಅಕೌಂಟ್ ತೆರೆಯುವುದು ಸಲೀಸು.

ಗೇಟ್‌ವೇ ಅಂದರೆ ಗಿರಾಕಿಯ ದುಡ್ಡು ಆನ್‌ಲೈನ್‌ನಲ್ಲಿ ಪಡೆದು ನಿಮ್ಮ ಖಾತೆಗೆ ಹಾಕುವ ಕಂಪನಿ. ಅದರ ಲೆಕ್ಕ ಹೇಳುತ್ತೇನೆ. ಸಾಮಾನ್ಯವಾಗಿ ಪ್ರತಿ ವ್ಯವಹಾರಕ್ಕೆ ಶೇ 2ರ ಆಸುಪಾಸು ಹಿಡಿಯುತ್ತಾರೆ, ಆ ಶುಲ್ಕದ ಮೇಲೆ ಶೇ 18 ಜಿಎಸ್‌ಟಿ. ಉದಾಹರಣೆಗೆ 2,000 ರೂಪಾಯಿಯ ಕೌದಿಗೆ 40 ರೂಪಾಯಿ, ಅದರ ಮೇಲೆ 7.20. ನಿಮಗೆ ಸಿಗುವುದು 1,952.80, ಅದೂ ಎರಡು ಮೂರು ದಿನ ಬಿಟ್ಟು. ನೇರ ಯುಪಿಐನಲ್ಲಿ ಬ್ಯಾಂಕ್ ಖಾತೆಯಿಂದ ಬರುವ ದುಡ್ಡಿಗೆ 2020ರ ಜನವರಿಯಿಂದ ಎಂಡಿಆರ್ (ವ್ಯಾಪಾರಿಯಿಂದ ಹಿಡಿಯುವ ಶುಲ್ಕ) ಇಲ್ಲ, ಪೂರ್ತಿ ಬರುತ್ತದೆ. ತಿಂಗಳಿಗೆ ಹತ್ತು ಆರ್ಡರ್ ಇರುವವರಿಗೆ ಕ್ಯೂಆರ್ ಸಾಕು. ಕಾರ್ಡಿನಲ್ಲಿ ಕೊಡುತ್ತೇವೆ ಅನ್ನುವವರು ಹೆಚ್ಚಾದರೆ ಆಗ ಗೇಟ್‌ವೇ ನೋಡಿ. ಅವರು ಒಪ್ಪಿಗೆ ಕೊಡುವ ಮೊದಲು ನಿಮ್ಮ ಸೈಟಿನಲ್ಲಿ ವಾಪಸಾತಿ ನಿಯಮ, ಪಾರ್ಸೆಲ್ ನಿಯಮ, ಸಂಪರ್ಕ ವಿಳಾಸದ ಪುಟಗಳು ಇವೆಯಾ ಅಂತ ನೋಡುತ್ತಾರೆ.

ಗೇಟ್‌ವೇ ಹಾಕದಿದ್ದರೂ ಆ ಪುಟಗಳು ಇರಲಿ. 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ಮಾರುವವರ ಹೆಸರು, ವಿಳಾಸ, ದೂರು ಕೇಳುವವರು ಯಾರು ಅನ್ನುವುದನ್ನು ಗಿರಾಕಿಗೆ ಕಾಣುವಂತೆ ಹಾಕಬೇಕು.

ಗುಳೇದಗುಡ್ಡದ ಖಣ

ಕ್ಯೂಆರ್ ಬಗ್ಗೆ ಒಂದು ಮಾತು. ಸ್ಕ್ರೀನ್‌ಶಾಟ್ ನಂಬಬೇಡಿ. ದುಡ್ಡು ಹಾಕಿದೆ ಅಂತ ಸುಳ್ಳು ಸ್ಕ್ರೀನ್‌ಶಾಟ್ ತಯಾರಿಸುವ ಆ್ಯಪ್‌ಗಳೇ ಇವೆ. ನಿಮ್ಮ ಬ್ಯಾಂಕಿನ ಮೆಸೇಜ್ ಅಥವಾ ಪಾಸ್‌ಬುಕ್ ನೋಡಿಯೇ ಕಳಿಸಿ.

ಇನ್ನೊಂದು ನನಗೇ ಆದದ್ದು. ಒಬ್ಬ ಫೋನ್ ಮಾಡಿ "ನಾನು ಮಿಲಿಟರಿಯವನು, ಕ್ಯಾಂಟೀನಿಗೆ ಮೂವತ್ತು ಪೀಸ್ ಬೇಕು" ಅಂತ ಹಿಂದಿಯಲ್ಲಿ ಹೇಳಿದ. ರೇಟು ಕೂಡ ಕೇಳಲಿಲ್ಲ! ಅಲ್ಲೇ ಗೊತ್ತಾಗಬೇಕಿತ್ತು. ಚೌಕಾಸಿ ಮಾಡದೆ ಮೂವತ್ತು ಪೀಸ್ ತೆಗೆದುಕೊಳ್ಳುವ ಗಿರಾಕಿ ಎಲ್ಲಿರುತ್ತಾನೆ? ಆಮೇಲೆ ಒಂದು ಕ್ಯೂಆರ್ ಕಳಿಸಿ "ಇದನ್ನು ಸ್ಕ್ಯಾನ್ ಮಾಡಿ ಪಿನ್ ಹಾಕಿ, ನಿಮಗೆ ಅಡ್ವಾನ್ಸ್ ಬರುತ್ತದೆ" ಅಂದ. ಪಿನ್ ಹಾಕುವ ಹೊತ್ತಿಗೆ ನನ್ನ ಮಗಳು ಫೋನ್ ಕಿತ್ತುಕೊಂಡಳು. ದುಡ್ಡು ಬರಲಿಕ್ಕೆ ಪಿನ್ ಬೇಕಾಗಿಲ್ಲ, ಹೋಗಲಿಕ್ಕೆ ಮಾತ್ರ ಬೇಕು. ಅಕಸ್ಮಾತ್ ಹೋದರೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ತಡ ಮಾಡಿದಷ್ಟೂ ಕಷ್ಟ.

ಸೂಜಿದಾರ

ಅಯ್ಯೋ, ನನಗೂ ಆ ಮಿಲಿಟರಿಯವನು ಫೋನ್ ಮಾಡಿದ್ದ! ಅವನಿಗೆ ಐವತ್ತು ಕೌದಿ ಬೇಕಿತ್ತು. "ಐವತ್ತಕ್ಕೆ ಐದಾರು ತಿಂಗಳು ಬೇಕು" ಅಂದಾಗ ಇಟ್ಟುಬಿಟ್ಟ.

ಜಿಎಸ್‌ಟಿ ಬಗ್ಗೆ ಹೇಳಿ ಸರ್. ಹೋದ ಸಲ ಯುಪಿಐ ನೋಟಿಸ್ ಗಲಾಟೆ ಆದಾಗಿನಿಂದ ಅವ್ವನಿಗೆ ಭಯ. "ಫೋನಿನಾಗ ರೊಕ್ಕ ತಗೋಬ್ಯಾಡ" ಅಂತಾಳೆ.

ಲೆಕ್ಕದ ಪುಸ್ತಕ

2025ರ ಜುಲೈನದ್ದು. ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಲೆಕ್ಕ ನೋಡಿ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳಿಸಿತ್ತು. ಎಷ್ಟೋ ಅಂಗಡಿಯವರು ಕ್ಯೂಆರ್ ಕಿತ್ತು "ಕ್ಯಾಶ್ ಮಾತ್ರ" ಅಂತ ಬೋರ್ಡ್ ಹಾಕಿದ್ದರು. ನಿಮ್ಮ ಅವ್ವನಿಗೆ ಹೇಳಿ: ವಸ್ತು ಮಾರುವವರಿಗೆ ವರ್ಷದ ಮಿತಿ 40 ಲಕ್ಷ, ಸೇವೆ ಕೊಡುವವರಿಗೆ 20 ಲಕ್ಷ. ಇದು ಲಾಭವಲ್ಲ, ಒಟ್ಟು ವಹಿವಾಟು. ನೀವು ತಿಂಗಳಿಗೆ ಹತ್ತು ಕೌದಿ ಮಾರಿದರೆ ವರ್ಷಕ್ಕೆ ಮೂರು ಲಕ್ಷ ದಾಟುವುದೂ ಕಷ್ಟ. ನಗದು ತೆಗೆದುಕೊಂಡರೂ ಲೆಕ್ಕ ಅದೇ, ಯುಪಿಐಗೆ ಬೇರೆ ಕಾನೂನಿಲ್ಲ.

ಆದರೆ ಒಂದು ಗಂಟಿದೆ. ಈ ಮಿತಿ ಕರ್ನಾಟಕದೊಳಗೆ ಮಾರುವವರೆಗೆ. ವಸ್ತುವನ್ನು ಬೇರೆ ರಾಜ್ಯಕ್ಕೆ ಮಾರಿದರೆ ಸಾಮಾನ್ಯ ನಿಯಮದಲ್ಲಿ ಮೊದಲ ರೂಪಾಯಿಯಿಂದಲೇ ನೋಂದಣಿ ಬೇಕು. ಕೈಕಸುಬಿನ ಕೆಲವು ವಸ್ತುಗಳಿಗೆ ಮಾತ್ರ ವಿನಾಯಿತಿ ಇದೆ. ನಿಮ್ಮ ಕೌದಿ ಆ ಪಟ್ಟಿಯ ಯಾವ ಸಾಲಿಗೆ ಬರುತ್ತದೆ ಎಂದು ಒಂದನ್ನು ಕೈಯಲ್ಲಿ ಹಿಡಿದುಕೊಂಡೇ ಆಡಿಟರ್ ಹತ್ತಿರ ಹೋಗಿ ಕೇಳಿ. ಅಲ್ಲಿಯವರೆಗೆ ರಾಜ್ಯದೊಳಗೇ ಮಾರಿ. ಬೆಂಗಳೂರು ಒಂದೇ ಸಾಕಲ್ವಾ ನಿಮಗೆ?

ಹಲವು ವ್ಯಾಪಾರಿಗಳು ಒಂದೇ ಕಡೆ ಮಾರುವ ದೊಡ್ಡ ಆನ್‌ಲೈನ್ ಮಾರ್ಕೆಟ್‌ಪ್ಲೇಸ್‌ಗಳಲ್ಲಿ ಮಾರಲು ಮೊದಲು ಜಿಎಸ್‌ಟಿ ಕಡ್ಡಾಯವಿತ್ತು. 2023ರ ಅಕ್ಟೋಬರ್ 1ರಿಂದ ಮಿತಿಯೊಳಗಿನ ಸಣ್ಣವರು ತಮ್ಮ ರಾಜ್ಯದೊಳಗೆ ಮಾರುವುದಾದರೆ ನೋಂದಣಿ ಬೇಕಿಲ್ಲ, ಜಿಎಸ್‌ಟಿ ಪೋರ್ಟಲ್‌ನಲ್ಲಿ ಒಂದು ಎನ್‌ರೋಲ್‌ಮೆಂಟ್ ನಂಬರ್ ತೆಗೆದುಕೊಂಡರೆ ಸಾಕು.

ನಾಲ್ಕಾಣೆ

ಮಧ್ಯದಲ್ಲಿ ಬಾಯಿ ಹಾಕುತ್ತೇನೆ. ಒಂದು ಕೌದಿ ಎಷ್ಟಕ್ಕೆ ಮಾರುತ್ತಿದ್ದೀರಿ? ಎಷ್ಟು ದಿನದ ಕೆಲಸ?

ಸೂಜಿದಾರ

ಡಬಲ್ ಸೈಜಿನದು 900. ಒಬ್ಬರೇ ಕೂತರೆ ಹದಿನೈದು ದಿನ, ದಿನಕ್ಕೆ ಮೂರು ಗಂಟೆ. ಕೆಳಗಿನ ಬಟ್ಟೆ ಮತ್ತು ದಾರಕ್ಕೆ 280 ಬೀಳುತ್ತದೆ. ಮೇಲಿನ ತುಂಡುಗಳು ಹಳೆ ಸೀರೆಯವು.

ನಾಲ್ಕಾಣೆ

900ರಲ್ಲಿ 280 ಕಳೆಯಿರಿ, 620. ಅದನ್ನು 45 ಗಂಟೆಗೆ ಹಂಚಿ. ಗಂಟೆಗೆ 14 ರೂಪಾಯಿ ಕೂಡ ಬರುವುದಿಲ್ಲ. ಪಾರ್ಸೆಲ್ ಖರ್ಚು, ನಿಮ್ಮ ಫೋನು, ನಿಮ್ಮ ಸಮಯ ನಾನಿನ್ನೂ ಹಿಡಿದಿಲ್ಲ. ವೆಬ್‌ಸೈಟ್ ಮಾತು ಆಮೇಲೆ ಆಡೋಣ. ಈ ರೇಟಿನಲ್ಲಿ ತಿಂಗಳಿಗೆ ನೂರು ಆರ್ಡರ್ ಬಂದರೆ ಐದು ಹೆಂಗಸರ ಬೆರಳು ಹೋಗುತ್ತದೆ, ಅಷ್ಟೆ.

ಸೂಜಿದಾರ

ಅವ್ವನಿಗೆ ಓದಿ ಹೇಳಿ, ಎರಡು ಸಾವಿರ ಇಡೋಣವಾ ಅಂದೆ. "ಹಳೆ ಅರಿವಿಗೆ (ಬಟ್ಟೆಗೆ) ಎರಡು ಸಾವಿರ ಯಾರು ಕೊಡ್ತಾರ? ಮಂದಿ ನಗ್ತಾರ" ಅಂದಳು. ದೊಡ್ಡವ್ವ ಮಾತ್ರ ಸುಮ್ಮನಿದ್ದು ಆಮೇಲೆ "ಹದಿನಾಕ ರೂಪಾಯಿ ಅಂದ್ಯಾ?" ಅಂತ ಎರಡು ಸಲ ಕೇಳಿದಳು.

ಹಪ್ಪಳ ಮಳೆಗಾಲ

ನಗುವವರು ಗಿರಾಕಿಗಳಲ್ಲ. ಒಂದು ಮಾಡಿ: ಹೊಲಿದವರು ಎಷ್ಟು ದಿನ ಕೂತರು ಅನ್ನುವುದನ್ನು ಫೋಟೋ ಕೆಳಗೆ ಬರೆಯಿರಿ. ಬೇರೆ ವರ್ಣನೆ ಬೇಡ. "ಸುಂದರವಾದ, ಸಾಂಪ್ರದಾಯಿಕ" ಅಂತೆಲ್ಲ ಎಲ್ಲರೂ ಬರೆಯುತ್ತಾರೆ. ಹದಿನೈದು ದಿನ ಅಂತ ಓದಿದವರು 2,000ಕ್ಕೆ ಚೌಕಾಸಿ ಮಾಡಲು ನಾಚುತ್ತಾರೆ. ಎಲ್ಲರೂ ಅಲ್ಲ, ಆದರೂ.

ಫೋಟೋಗೆ ಬೆಳಿಗ್ಗೆ ಎಂಟರಿಂದ ಒಂಬತ್ತು, ಬಿಸಿಲು ನೇರ ಬೀಳದ ಕಡೆ. ಫಿಲ್ಟರ್ ಹಾಕಲೇಬೇಡಿ. ಕುಂಕುಮದ ಬಣ್ಣ ಟೊಮೇಟೊ ಆಗಿ ಕಂಡರೆ ವಾಪಸ್ ಬರುತ್ತದೆ. ಇಡೀ ಕೌದಿ ಒಂದು, ಹಿಂಬದಿ ಒಂದು, ಒಂದು ಮೂಲೆ ಹತ್ತಿರದಿಂದ, ಮತ್ತೆ ಹೊಲಿಗೆಯ ಮೇಲೆ ಅವ್ವನ ಕೈ ಇರುವುದು ಒಂದು. ಉದ್ದ ಅಗಲ ಅಡಿಯಲ್ಲಿ ಹಾಕಿ. "ಡಬಲ್" ಅಂದರೆ ಒಬ್ಬೊಬ್ಬರಿಗೆ ಒಂದೊಂದು ಅಳತೆ. ಹಳೆ ಸೀರೆ ಅನ್ನುವುದನ್ನು ಮುಚ್ಚಿಡಬೇಡಿ. ಎಲ್ಲೋ ಒಂದು ಸಣ್ಣ ಕಲೆ ಇದ್ದರೆ ಅದರ ಫೋಟೋನೂ ಹಾಕಿ.

ಯಲ್ಲಾಪುರದ ಬಸ್ಸು

ಹೆಸರಿನ ಬಗ್ಗೆ ಎಚ್ಚರ. ಇಂಥ ಕಡೆ ಯಾರಾದರೂ "ಸಿದ್ದಿ ಕೌದಿ ಅಂತ ಹಾಕಿ, ಹುಡುಕುವವರು ಜಾಸ್ತಿ" ಅಂತ ಸಲಹೆ ಕೊಟ್ಟೇ ಕೊಡುತ್ತಾರೆ. ಬೇಡ. ಹಳಿಯಾಳ, ಯಲ್ಲಾಪುರ, ಮುಂಡಗೋಡ ಕಡೆಯ ಸಿದ್ದಿ ಸಮುದಾಯದ ಹೆಂಗಸರು ಹೊಲಿಯುವ ಕೌದಿ, ಅವರು ಕವಂದಿ ಅನ್ನುವುದು, ಬೇರೆಯದೇ. ಅವರು ಅಂಚಿನಿಂದ ಶುರು ಮಾಡಿ ಸುತ್ತುತ್ತಾ ಒಳಗೆ ಬರುತ್ತಾರೆ. ಮೂಲೆಗೆ ಬಟ್ಟೆ ಮಡಚಿ ಹೂವಿನ ಎಸಳಿನಂತೆ ಇಡುತ್ತಾರೆ. ಅದು ಅವರ ಗುರುತು. ನಿಮ್ಮದು ಧಾರವಾಡದ ಕೌದಿ, ಹಾಗೇ ಹಾಕಿ.

ಸೂಜಿದಾರ

ನಿಜ ಹೇಳಬೇಕೆಂದರೆ ಒಬ್ಬರು ಆ ಸಲಹೆ ಕೊಟ್ಟಿದ್ದರು. ನನಗೆ ಆಗ ತಪ್ಪು ಅನಿಸಿರಲಿಲ್ಲ. ಈಗ ತೆಗೆದೆ.

ಪಾರ್ಸೆಲ್ ಕಡೆ ಯಾರಾದರೂ ಬೆಳಕು ಚೆಲ್ಲಿ. ಹೋದ ವಾರ ಒಂದು ಕೊರಿಯರ್‌ನವರು 2.6 ಕಿಲೋ ಕೌದಿಗೆ ಆರು ಕಿಲೋ ದುಡ್ಡು ತೆಗೆದುಕೊಂಡರು. ತಕ್ಕಡಿಯಲ್ಲಿ ನಾನೇ ನೋಡಿದ್ದೇನೆ, 2.6. ಕೇಳಿದರೆ "ಸಿಸ್ಟಮ್ ಹಾಗೆ ತೋರಿಸುತ್ತದೆ" ಅಂದರು.

ಅಂಚೆ ಚೀಲ

ಮೋಸ ಅಲ್ಲ ಮೇಡಂ, ಅವರು ವಿವರಿಸಲಿಲ್ಲ ಅಷ್ಟೆ. ಹಗುರವಾಗಿದ್ದು ಜಾಗ ಜಾಸ್ತಿ ತಿನ್ನುವ ಪಾರ್ಸೆಲ್‌ಗೆ ಗಾತ್ರದಿಂದ ತೂಕ ಹಿಡಿಯುತ್ತಾರೆ. ಉದ್ದ, ಅಗಲ, ಎತ್ತರ ಸೆಂಟಿಮೀಟರಿನಲ್ಲಿ ಗುಣಿಸಿ 5,000ದಿಂದ ಭಾಗಿಸಬೇಕು. ಅದು ಮತ್ತು ತಕ್ಕಡಿಯ ತೂಕ, ಎರಡರಲ್ಲಿ ಯಾವುದು ಜಾಸ್ತಿಯೋ ಅದಕ್ಕೆ ದುಡ್ಡು. ನಿಮ್ಮ ಕೌದಿ 40, 35, 20 ಇದ್ದರೆ 28,000. ಭಾಗಿಸಿದರೆ 5.6. ಅದನ್ನು ಆರು ಮಾಡಿದ್ದಾರೆ.

ಈಗ ಅದೇ ಕೌದಿಯನ್ನು ಮಡಚಿ, ಮೇಲೆ ಮೊಣಕಾಲೂರಿ ಗಾಳಿ ಹೊರಡಿಸಿ, ಎರಡೂ ಕಡೆ ಗಟ್ಟಿ ದಾರದಿಂದ ಕಟ್ಟಿ. ಎತ್ತರ 12ಕ್ಕೆ ಇಳಿಯುತ್ತದೆ. 16,800, ಅಂದರೆ 3.36. ರಟ್ಟಿನ ಡಬ್ಬ ಬೇಡವೇ ಬೇಡ, ಬಟ್ಟೆ ಒಡೆಯುವುದಿಲ್ಲವಲ್ಲ. ಮೊದಲು ಪ್ಲಾಸ್ಟಿಕ್ ಚೀಲ, ಮೇಲೆ ಕೋರಾ ಬಟ್ಟೆ ಹೊಲಿದುಬಿಡಿ. ನಿಮ್ಮ ಮನೆಯಲ್ಲಿ ಹೊಲಿಯುವವರಿಗೆ ಬರವೇ? ವಿಳಾಸ ಒಳಗೂ ಒಂದು ಚೀಟಿಯಲ್ಲಿ ಇರಲಿ, ಮಳೆಗಾಲದಲ್ಲಿ ಹೊರಗಿನ ಇಂಕು ಹರಡುತ್ತದೆ.

2025ರ ಸೆಪ್ಟೆಂಬರ್ 1ರಿಂದ ರಿಜಿಸ್ಟರ್ಡ್ ಪೋಸ್ಟ್ ಬೇರೆ ಇಲ್ಲ, ಸ್ಪೀಡ್ ಪೋಸ್ಟ್‌ನಲ್ಲಿ ಸೇರಿಸಿದ್ದಾರೆ. ಬೇಕಿದ್ದರೆ ಒಟಿಪಿ ಹೇಳಿದವರಿಗೇ ಕೊಡುವ ಸೌಲಭ್ಯ ತೆಗೆದುಕೊಳ್ಳಬಹುದು. ಬೆಲೆಬಾಳುವುದಕ್ಕೆ ಇನ್ಶೂರೆನ್ಸ್ ಮಾಡಿಸಿ. ಹಳ್ಳಿ ವಿಳಾಸಕ್ಕೆ ಅಂಚೆಯೇ ಸರಿ ಅನ್ನುವುದು ನನ್ನ ಅಭಿಪ್ರಾಯ. ನಾನು ಅಂಚೆಯವನು, ಹಾಗೆ ಹೇಳಲೇಬೇಕಲ್ಲ!

ಗುಳೇದಗುಡ್ಡದ ಖಣ

ಕ್ಯಾಶ್ ಆನ್ ಡೆಲಿವರಿ ಇಡಬೇಡಿ. ಬಾಗಿಲಿಗೆ ಹೋದಾಗ "ಬೇಡ" ಅಂದರೆ ಹೋಗುವ ಖರ್ಚೂ ಬರುವ ಖರ್ಚೂ ನಮ್ಮದೇ. ಒಂದು ದೀಪಾವಳಿಗೆ ನನಗೆ ಹನ್ನೊಂದು ಪಾರ್ಸೆಲ್ ಹಾಗೆ ಬಂತು.

ಡಲ್ಲಾಸಿನ ಚಳಿ

ಸೂಜಿದಾರ ಅವರೇ, ಓದುತ್ತಾ ಕಣ್ಣು ತುಂಬಿತು. ನಮ್ಮಜ್ಜಿ ಹೊಲಿದ ಕೌದಿ ಇನ್ನೂ ನನ್ನ ಹತ್ತಿರ ಇದೆ, ಅಂಚು ಹರಿದಿದೆ. ಒಂದು ಪ್ರಶ್ನೆ. ನಮ್ಮಮ್ಮ ಹೋಗಿ ಮೂರು ವರ್ಷ ಆಯಿತು. ಅವರ ಹನ್ನೆರಡು ಸೀರೆ ಮೈಸೂರಿನಲ್ಲಿ ತಂಗಿಯ ಮನೆಯ ಬೀರುವಿನಲ್ಲಿವೆ. ಉಡಲು ಆಗುವುದಿಲ್ಲ, ಕೊಡಲು ಮನಸ್ಸಿಲ್ಲ. ಅವನ್ನು ಕಳಿಸಿದರೆ ನಿಮ್ಮವರು ಕೌದಿ ಮಾಡಿಕೊಡುತ್ತಾರಾ?

ಅಮೆರಿಕಕ್ಕೆ ಕಳಿಸುವುದು ಬೇಡ. 2025ರ ಆಗಸ್ಟ್ ಕೊನೆಯಲ್ಲಿ 800 ಡಾಲರ್‌ವರೆಗಿನ ಸುಂಕ ವಿನಾಯಿತಿ ತೆಗೆದರು. ಆಗ ನಮ್ಮ ಅಂಚೆ ಇಲಾಖೆಯೂ ಅಕ್ಟೋಬರ್ ಮಧ್ಯದವರೆಗೆ ಇಲ್ಲಿಗೆ ಪಾರ್ಸೆಲ್ ನಿಲ್ಲಿಸಿತ್ತು. ತಂಗಿಗೆ ಕಳಿಸಿ, ಊರಿಗೆ ಬಂದಾಗ ನಾನೇ ಸೂಟ್‌ಕೇಸಿನಲ್ಲಿ ತರುತ್ತೇನೆ.

ನಾಲ್ಕಾಣೆ

ಸೂಜಿದಾರ ಅವರೇ, ಇಲ್ಲಿ ನೋಡಿ, ನಿಮ್ಮ ಅಂಗಡಿ ಇದು. ಸೀರೆ ಅವರದು, ಕೆಲಸ ನಿಮ್ಮದು. ಒಂದೇ ಕೌದಿ ಇಬ್ಬರಿಗೆ ಮಾರುವ ಪ್ರಶ್ನೆಯೇ ಇಲ್ಲ. ಅರ್ಧ ದುಡ್ಡು ಮುಂಗಡ. ಬಟ್ಟೆ ಹುಡುಕುವ ಕಷ್ಟವಿಲ್ಲ. "ಹಳೆ ಅರಿವಿಗೆ ಯಾರು ಕೊಡ್ತಾರ" ಅನ್ನುವ ಅವ್ವನ ಪ್ರಶ್ನೆಗೂ ಉತ್ತರ ಸಿಕ್ಕಿತು.

ಲೆಕ್ಕದ ಪುಸ್ತಕ

ಇದರಲ್ಲಿ ಇನ್ನೊಂದು ಅನುಕೂಲ ಇದೆ. ಬೇರೆಯವರ ವಸ್ತುವಿನ ಮೇಲೆ ನೀವು ಮಾಡುವ ಕೆಲಸ ಜಿಎಸ್‌ಟಿ ಕಾಯ್ದೆಯಲ್ಲಿ ಸೇವೆ. ಸೇವೆಯನ್ನು ಹೊರ ರಾಜ್ಯದವರಿಗೆ ಕೊಟ್ಟರೂ 20 ಲಕ್ಷದವರೆಗೆ ನೋಂದಣಿ ಬೇಕಿಲ್ಲ. ಪುಣೆಯವರು ಸೀರೆ ಕಳಿಸಿದರೆ ಹೊಲಿದು ಕಳಿಸಬಹುದು. ಬಿಲ್ಲಿನಲ್ಲಿ "ಹೊಲಿಗೆ ಕೂಲಿ" ಅಂತಲೇ ಬರೆಯಿರಿ. ಆಡಿಟರ್ ಹತ್ತಿರ ಹೋದಾಗ ಇದನ್ನೂ ಕೇಳಿ ಖಚಿತ ಮಾಡಿಕೊಳ್ಳಿ, ಕೆಳಗಿನ ಬಟ್ಟೆ ನಿಮ್ಮದು ಅನ್ನುವುದನ್ನೂ ಹೇಳಿ.

ಹಪ್ಪಳ ಮಳೆಗಾಲ

ಆದರೆ ಹೆದರಿಕೆಯ ಕೆಲಸ ಇದು. 900 ರೂಪಾಯಿ ಕೌದಿ ಕಳೆದರೆ 900 ಕೊಟ್ಟು ಕೈತೊಳೆದುಕೊಳ್ಳಬಹುದು. ತೀರಿಹೋದ ತಾಯಿಯ ಸೀರೆ ಕಳೆದರೆ ಏನು ಕೊಡುತ್ತೀರಿ? ಗಂಟು ಬಿಚ್ಚುವಾಗ ವಿಡಿಯೋ ಮಾಡಿ. ಒಂದೊಂದೇ ಸೀರೆ ಹರಡಿ ಫೋಟೋ ತೆಗೆದು ಅವರಿಗೆ ಕಳಿಸಿ. ಕತ್ತರಿ ಹಾಕುವ ಮೊದಲು "ಹೌದು, ಕತ್ತರಿಸಿ" ಅಂತ ಅವರಿಂದ ಬರೆಸಿಕೊಳ್ಳಿ. ಒಬ್ಬರ ಗಂಟು ಮುಗಿಯುವವರೆಗೆ ಇನ್ನೊಬ್ಬರದನ್ನು ಬಿಚ್ಚಬೇಡಿ. ಉಳಿದ ಚೂರನ್ನೂ ವಾಪಸ್ ಕಳಿಸಿ.

ಸೂಜಿದಾರ (ಏಳು ವಾರದ ನಂತರ)

ಎಲ್ಲಿ ಹೋದಳು ಅಂದುಕೊಂಡಿರಬೇಕು. ಪರೀಕ್ಷೆ ಪೇಪರ್ ತಿದ್ದುವುದಿತ್ತು. ಏನೇನಾಯಿತು ಹೇಳುತ್ತೇನೆ.

ಡೊಮೇನ್ ನನ್ನ ಹೆಸರಲ್ಲೇ ತೆಗೆದುಕೊಂಡೆ. ಕೋಡ್ ಅಣ್ಣ ಒಂದು ಭಾನುವಾರ ಫೋನಿನಲ್ಲೇ ಹೇಳಿಕೊಟ್ಟು ಒಂದು ಪುಟ ಮಾಡಿಸಿದರು, ದುಡ್ಡು ಕೇಳಲಿಲ್ಲ. ಅವರಿಗೆ ಒಂದು ದಿಂಬಿನ ಕವರ್ ಹೋಗುತ್ತಿದೆ. ಕಾರ್ಟ್ ಇಲ್ಲ. ಬೇರೆ ಖಾತೆ ಆಯಿತು. ಆಡಿಟರ್ ಕೌದಿಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿ "ಸದ್ಯಕ್ಕೆ ಸಿದ್ಧ ಕೌದಿ ರಾಜ್ಯದೊಳಗೇ ಮಾರಿ, ಕೂಲಿ ಕೆಲಸ ಎಲ್ಲಿಂದ ಬಂದರೂ ತಗೊಳ್ಳಿ" ಅಂದರು. ಅವರ ಹೆಂಡತಿ ಒಂದು ಕೊಂಡರು.

ಪ್ರತಿ ಕೌದಿಗೂ ನಂಬರ್ ಕೊಟ್ಟಿದ್ದೇವೆ. ನಾನು ಚೀಟಿ ಅಂಟಿಸೋಣ ಅಂದೆ. ಅವ್ವ ಹಿಂಬದಿಯ ಮೂಲೆಯಲ್ಲಿ ಕೆಂಪು ದಾರದಿಂದ ಕನ್ನಡ ಅಂಕಿಯನ್ನೇ ಹೊಲಿದುಬಿಟ್ಟಳು. ಮೊದಲ ವಾರ ೬ ಯಾವುದು ೯ ಯಾವುದು ಅಂತ ಗಿರಾಕಿಗಳಿಗಿಂತ ನನಗೇ ಗೊಂದಲ. ಈಗ ಗೋಡೆಯ ಕ್ಯಾಲೆಂಡರ್ ಮೇಲೆ ಯಾವ ನಂಬರ್ ಯಾರಿಗೆ ಅಂತ ಬರೆಯುತ್ತೇವೆ. ನಾನು ಶಾಲೆಯಲ್ಲಿದ್ದಾಗ ಫೋನ್ ದೊಡ್ಡವ್ವನ ಮೊಮ್ಮಗಳ ಹತ್ತಿರ ಇರುತ್ತದೆ. ಕೇಳಿದವರಿಗೆ ಒಂದು ಗಂಟೆ ಎತ್ತಿಡುತ್ತೇವೆ, ಅಷ್ಟರಲ್ಲಿ ದುಡ್ಡು ಬರಬೇಕು. ಅದನ್ನು ಕೋಡ್ ಅಣ್ಣನ ವೂಕಾಮರ್ಸ್‌ನಿಂದ ಕದ್ದದ್ದು.

ರೇಟು 2,200. ಮೊದಲ ಎರಡು ವಾರ ಒಂದೂ ಹೋಗಲಿಲ್ಲ. ಅವ್ವ ದಿನಾ ನನ್ನ ಮುಖ ನೋಡುತ್ತಿದ್ದಳು. ಮೂರನೇ ವಾರ ಮೂರು ಹೋದವು. ತಿಂಗಳಿಗೆ ಹತ್ತಿದ್ದದ್ದು ಈಗ ಐದಕ್ಕೆ ಇಳಿದಿದೆ, ಕೈಗೆ ಬರುವ ದುಡ್ಡು ಮಾತ್ರ ಜಾಸ್ತಿಯೇ.

ಡಲ್ಲಾಸಿನ ಅಕ್ಕನ ಸೀರೆಗಳು ಬಂದವು. ಗಂಟು ಬಿಚ್ಚಿದಾಗ ಒಂದು ಸೀರೆಯ ಸೆರಗಿನ ತುದಿಯಲ್ಲಿ ಗಂಟು ಕಟ್ಟಿತ್ತು, ಒಳಗೆ ಎರಡು ರೂಪಾಯಿಯ ನಾಣ್ಯ. ವಿಡಿಯೋ ಕಳಿಸಿದೆ. ಅವ್ವ ಆ ಸೆರಗಿಗೆ ಕತ್ತರಿ ಹಾಕಲಿಲ್ಲ. ಗಂಟು ಸಮೇತ ಕೌದಿಯ ಮೂಲೆಗೆ ಸೇರಿಸಿ ಹೊಲಿದಿದ್ದಾಳೆ.

ಡಲ್ಲಾಸಿನ ಚಳಿ

ಆ ವಿಡಿಯೋ ಎಷ್ಟು ಸಲ ನೋಡಿದೆನೋ. ಅಮ್ಮ ದೇವಸ್ಥಾನಕ್ಕೆ ಹೋಗುವಾಗ ಹಾಗೇ ಕಟ್ಟಿಕೊಳ್ಳುತ್ತಿದ್ದರು.

ನಾಲ್ಕಾಣೆ

ಈಗ ಗಂಟೆಗೆ ಎಷ್ಟು ಬೀಳುತ್ತದೆ?

ಸೂಜಿದಾರ

ದೊಡ್ಡವ್ವನೇ ಲೆಕ್ಕ ಹಾಕಿದ್ದಾಳೆ. ಪಾರ್ಸೆಲ್ ದುಡ್ಡು ಗಿರಾಕಿಯದೇ, ದಾರ ಬಟ್ಟೆ ಕಳೆದು 42. "ಇನ್ನೂ ಕಡಿಮಿನ ಐತಿ" ಅಂತಾಳೆ ಈಗ!

ಯಲ್ಲಾಪುರದ ಬಸ್ಸು

ಪುಟ ನೋಡಿದೆ. ನಮ್ಮಕ್ಕನಿಗೆ ೯ ಬೇಕಂತೆ, ನೀಲಿ ಅಂಚಿನದು. ಇದೆಯಾ?

ಸೂಜಿದಾರ

ಇಲ್ರೀ, ಬೆಳಿಗ್ಗೆಯಷ್ಟೇ ಹೋಯಿತು. ೧೧ ಇದೆ. ಅದಕ್ಕೂ ನೀಲಿ ಇದೆ, ನಡುವೆ ಹಸಿರು ಇಳಕಲ್ ಸೆರಗಿನ ತುಂಡು. ಫೋಟೋ ಕಳಿಸಿದ್ದೇನೆ. ಒಂದು ಗಂಟೆ ಎತ್ತಿಡಲಾ?